ಹಾನಿ ಎಣಿಸಲು ಕಾಗದವೋ, ಮೊಬೈಲ್ ಫಾರಮ್ಮೋ, ಉಪಗ್ರಹವೋ?

ಭೂಕಂಪ, ಪ್ರವಾಹ, ಶೆಲ್ ದಾಳಿ ಏನೇ ಆಗಲಿ, ಮೊದಲು ಬರುವ ಪ್ರಶ್ನೆ ಒಂದೇ: ಎಷ್ಟು ಮನೆ ಹಾಳಾಗಿವೆ? ಇದಕ್ಕೆ ಉತ್ತರ ಹುಡುಕಲು ನಾಲ್ಕು ದಾರಿಗಳನ್ನು ಬಳಸಿ ನೋಡಿದ್ದೇವೆ. ಕಾಗದದ ನಮೂನೆ, ಮೊಬೈಲ್ ಫಾರಂ, ಉಪಗ್ರಹ ಚಿತ್ರ, ಜನರೇ ಕಳುಹಿಸುವ ಎಸ್ಸೆಮ್ಮೆಸ್. ಇವು ಕೊಡುವ ಸಂಖ್ಯೆ ಒಂದೇ ಆಗಿರುವುದಿಲ್ಲ, ಏಕೆಂದರೆ ಎಣಿಸುವ ವಸ್ತುವೇ ಬೇರೆ ಬೇರೆ. ಚಿತ್ರ ನೋಡುವವರು ಚಾವಣಿ ಎಣಿಸುತ್ತಾರೆ, ಕಾಗದವನ್ನೋ ಮೊಬೈಲನ್ನೋ ಹಿಡಿದು ಬಾಗಿಲು ತಟ್ಟುವವರು ಕುಟುಂಬ ಎಣಿಸುತ್ತಾರೆ, ಎಸ್ಸೆಮ್ಮೆಸ್ ಪಟ್ಟಿಯಲ್ಲಿ ಸೇರುವುದು ಬಂದ ಸಂದೇಶಗಳು. 40 ಕುಟುಂಬಗಳಿದ್ದ ಕಟ್ಟಡವೊಂದು ಕುಸಿದರೆ ಚಿತ್ರದ ಲೆಕ್ಕದಲ್ಲಿ ಅದು 1, ಬಾಗಿಲು ತಟ್ಟಿದವರ ಲೆಕ್ಕದಲ್ಲಿ 40. ಎಸ್ಸೆಮ್ಮೆಸ್ ಪಟ್ಟಿಯಲ್ಲಿ 200 ಆಗಬಹುದು, ಸೊನ್ನೆಯೂ ಆಗಬಹುದು. ಹಾಗಾಗಿ ಸಲಕರಣೆ ಆರಿಸುವ ಮೊದಲೇ ಎಣಿಕೆಯ ಘಟಕ ಕಟ್ಟಡವೋ ಕುಟುಂಬವೋ ಎಂದು ಬರೆದಿಟ್ಟುಕೊಳ್ಳಬೇಕು. ಫಾರಂನಲ್ಲಿ ಎರಡಕ್ಕೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಡಬೇಕು.

ಕಾಗದದಿಂದ ಶುರು ಮಾಡೋಣ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಅರ್ಧ ದಿನದ ತರಬೇತಿ ಸಾಕು. ಮೊಬೈಲ್ ಹಿಡಿದವರನ್ನೆಲ್ಲ ಅನುಮಾನದಿಂದ ನೋಡುವ ತಪಾಸಣಾ ಠಾಣೆಗಳಿರುವ ಕಡೆ ಕೆಲವೊಮ್ಮೆ ಇದೊಂದೇ ದಾರಿ. ತೊಂದರೆ ಶುರುವಾಗುವುದು ಸಂಜೆ. ಒಂದು ನಮೂನೆ ಟೈಪ್ ಮಾಡಲು 5 ನಿಮಿಷ ಎಂದಿಟ್ಟುಕೊಂಡರೂ 1,000 ನಮೂನೆಗೆ 83 ಗಂಟೆ. ತಪ್ಪು ಹಿಡಿಯಲು ಇಬ್ಬರು ಪ್ರತ್ಯೇಕವಾಗಿ ಟೈಪ್ ಮಾಡಿ ಹೋಲಿಸುವುದಾದರೆ 166 ಗಂಟೆ. ಜೊತೆಗೆ ‘ಇಲ್ಲ ಎಂದರೆ 14ನೇ ಪ್ರಶ್ನೆಗೆ ಹೋಗಿ’ ಎಂಬ ಸೂಚನೆಯನ್ನು ಮನೆಯವರ ಅಳುವಿನ ನಡುವೆ ಯಾರೂ ಸರಿಯಾಗಿ ಪಾಲಿಸಲಾರರು. ಕಾಗದವನ್ನೇ ಬಳಸಬೇಕಾದರೆ ನಮೂನೆ ಒಂದೇ ಹಾಳೆಯಲ್ಲಿ ಮುಗಿಯಲಿ, ಕ್ರಮಸಂಖ್ಯೆ ಮೊದಲೇ ಅಚ್ಚಾಗಿರಲಿ, ಬರೆಯುವುದು ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ, ಪೆನ್ಸಿಲ್ ಗುರುತು ಹರಡುವುದಿಲ್ಲ. ಪ್ರತಿ ಹಾಳೆಯ ಫೋಟೋ ಅಂದೇ ತೆಗೆದಿಡಬೇಕು.

ಮೊಬೈಲ್ ಫಾರಂ ಎಂದರೆ ಹೆಚ್ಚಿನ ಕಡೆ ಓಡಿಕೆ (ODK) ಅಥವಾ ಕೋಬೋ (Kobo) ಎಂಬ ಸಮೀಕ್ಷಾ ತಂತ್ರಾಂಶ. ಇವೆರಡನ್ನು ಎದುರಾಳಿಗಳಂತೆ ನೋಡುವುದುಂಟು, ಆದರೆ ಆ್ಯಪ್‌ನ ಮಟ್ಟಿಗೆ ಇವು ಅಣ್ಣತಮ್ಮಂದಿರು: ಕೋಬೋಕಲೆಕ್ಟ್ ಬೆಳೆದದ್ದೇ ಓಡಿಕೆ ಕಲೆಕ್ಟ್‌ನ ಕೋಡ್‌ನಿಂದ. ಎರಡೂ ಎಕ್ಸ್‌ಎಲ್‌ಎಸ್‌ಫಾರಂ ಎಂಬ ಒಂದೇ ಎಕ್ಸೆಲ್ ಮಾದರಿಯನ್ನು ಓದುತ್ತವೆ. ವ್ಯತ್ಯಾಸ ಇರುವುದು ಸರ್ವರ್ ಕಡೆ. ಕೋಬೋದಲ್ಲಿ ಖಾತೆ ತೆರೆದು, ಬ್ರೌಸರ್‌ನಲ್ಲೇ ಪ್ರಶ್ನೆ ಜೋಡಿಸಿ, ಮರುದಿನವೇ ಕೆಲಸಕ್ಕೆ ಇಳಿಯಬಹುದು. ಓಡಿಕೆಯ ಸೆಂಟ್ರಲ್ ಸರ್ವರನ್ನು ನಾವೇ ನಿಲ್ಲಿಸಬೇಕು ಅಥವಾ ಹಣ ಕೊಟ್ಟು ಪಡೆಯಬೇಕು. ಆ ಶ್ರಮಕ್ಕೆ ಫಲವೂ ಇದೆ. ಮೊದಲ ಭೇಟಿಯಲ್ಲಿ ದಾಖಲಾದ ಮನೆಗಳು ಎರಡನೇ ಭೇಟಿಯ ಫಾರಂನಲ್ಲಿ ತಾವಾಗಿಯೇ ಪಟ್ಟಿಯಾಗಿ ಬರುವಂತೆ ಎಂಟಿಟಿ ಎಂಬ ವ್ಯವಸ್ಥೆಯಿಂದ ಮಾಡಿಕೊಳ್ಳಬಹುದು. ಒಂದೇ ಸುತ್ತಿನ ತುರ್ತು ಎಣಿಕೆಗೆ ನಮ್ಮ ಆಯ್ಕೆ ಕೋಬೋ. ದುರಸ್ತಿ ಎಲ್ಲಿಗೆ ಬಂತು ಎಂದು ಅದೇ ಮನೆಗೆ ಮತ್ತೆ ಮತ್ತೆ ಹೋಗುವುದಿದ್ದರೆ ಓಡಿಕೆ.

ಎರಡರಲ್ಲೂ ತಪ್ಪುವ ಜಾಗಗಳು ಒಂದೇ. ಮೊದಲನೆಯದು ಜಿಪಿಎಸ್. ಆ್ಯಪ್ ತಾನಾಗಿ ಸ್ಥಳ ಹಿಡಿಯುವುದು ನಿಖರತೆ 5 ಮೀಟರ್‌ಗೆ ಇಳಿದಾಗ. ಕಾಯಲು ಪುರುಸೊತ್ತಿಲ್ಲದವರು 80 ಮೀಟರ್ ಇರುವಾಗಲೇ ‘ಸೇವ್’ ಒತ್ತುತ್ತಾರೆ. ಸ್ಥಳದ ಉತ್ತರದಲ್ಲಿ ಅಕ್ಷಾಂಶ, ರೇಖಾಂಶ, ಎತ್ತರ, ನಿಖರತೆ ಎಂದು ನಾಲ್ಕು ಸಂಖ್ಯೆ ಇರುತ್ತವೆ. ನಾಲ್ಕನೆಯದು 15 ದಾಟಿದರೆ ಮುಂದೆ ಹೋಗದಂತೆ ಫಾರಂನಲ್ಲೇ ತಡೆ ಹಾಕಿ. ಆದರೂ ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ 5 ಮೀಟರ್ ತಪ್ಪಿದರೆ ಹಾನಿ ಪಕ್ಕದ ಮನೆಯ ಲೆಕ್ಕಕ್ಕೆ ಸೇರುತ್ತದೆ. ಅಂಥಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಿಂದ ಕಟ್ಟಡಗಳ ಗಡಿರೇಖೆ ಇಳಿಸಿಕೊಂಡು, ನಕ್ಷೆಯ ಮೇಲೆ ಕಟ್ಟಡವನ್ನೇ ಮುಟ್ಟಿ ಆರಿಸುವಂತೆ ಫಾರಂ ಮಾಡುವುದು ಎಷ್ಟೋ ವಾಸಿ.

ಎರಡನೆಯದು ಫೋಟೋ. ಒಂದು ಫೋಟೋ 4 ಎಂಬಿ, ಮನೆಗೆ ಮೂರು, ದಿನಕ್ಕೆ 100 ಮನೆ ಎಂದರೆ 1.2 ಜಿಬಿ. ದುರ್ಬಲ ನೆಟ್‌ವರ್ಕ್‌ನಲ್ಲಿ ಇದು ಹೋಗುವುದೇ ಇಲ್ಲ. ಉದ್ದನೆಯ ಬದಿಗೆ 1,024 ಪಿಕ್ಸೆಲ್ ಮಿತಿ ಹಾಕಿದರೆ ಬಿರುಕೂ ಕಾಣುತ್ತದೆ, ಗಾತ್ರವೂ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಮೂರನೆಯದು, ಸಮೀಕ್ಷೆ ನಡೆಯುತ್ತಿರುವಾಗಲೇ ಪ್ರಶ್ನೆಯ ಒಳಹೆಸರು, ಅಂದರೆ ದತ್ತಾಂಶದಲ್ಲಿ ಕಾಲಂಗೆ ಬರುವ ಹೆಸರು, ಬದಲಿಸುವುದು. ತೆರೆಯ ಮೇಲಿನ ವಾಕ್ಯ ತಿದ್ದಿದರೆ ತೊಂದರೆಯಿಲ್ಲ, ಒಳಹೆಸರು ತಿದ್ದಿದರೆ ಒಂದೇ ಪ್ರಶ್ನೆ ಎರಡು ಕಾಲಂಗಳಾಗಿ ಒಡೆಯುತ್ತದೆ. ನಾಲ್ಕನೆಯದು ಕಳುಹಿಸದೆ ಉಳಿದ ಫಾರಂ. ಆ್ಯಪ್ ತೆಗೆದುಹಾಕಿದರೆ ಅದರೊಳಗಿನ ದಾಖಲೆಯೂ ಹೋಗುತ್ತದೆ. ಬ್ರೌಸರ್‌ನಲ್ಲಿ ತುಂಬುವ ಫಾರಂ ಆದರೆ ಬ್ರೌಸರ್‌ನ ದತ್ತಾಂಶ ಅಳಿಸಿದಾಗ ಹೋಗುತ್ತದೆ. ‘ಮೊಬೈಲ್ ನಿಧಾನವಾಗಿದೆ’ ಎಂದು ಯಾರೋ ಸ್ವಚ್ಛಗೊಳಿಸಿದ ಸಂಜೆ ಇಡೀ ಓಣಿಯ ಕೆಲಸ ಮಾಯವಾಗುತ್ತದೆ. ತಾನಾಗಿ ಕಳುಹಿಸುವ ಸೆಟ್ಟಿಂಗ್ ಮೊದಲ ದಿನವೇ ಆನ್ ಮಾಡಿ, ಪ್ರತಿ ಸಂಜೆ ಮೊಬೈಲಿನ ಎಣಿಕೆಯನ್ನು ಸರ್ವರಿನ ಎಣಿಕೆಯೊಂದಿಗೆ ತಾಳೆ ನೋಡಿ.

ಇವೆಲ್ಲಕ್ಕಿಂತ ಆಳದ ತಪ್ಪು ‘ಹಾನಿಯ ದರ್ಜೆ ಎಷ್ಟು?’ ಎಂದು ಸಮೀಕ್ಷಕರನ್ನು ನೇರವಾಗಿ ಕೇಳುವುದು. ಭೂಕಂಪದ ಹಾನಿಗೆ ಬಳಸುವ ಯುರೋಪಿನ ಇಎಂಎಸ್-98 ಅಳತೆಯಲ್ಲಿ 5 ದರ್ಜೆಗಳಿವೆ: 1 ಎಂದರೆ ಕೂದಲೆಳೆಯಂಥ ಬಿರುಕು, 5 ಎಂದರೆ ಪೂರ್ತಿ ಅಥವಾ ಬಹುಪಾಲು ಕುಸಿತ. ನಡುವಿನ 2 ಮತ್ತು 3ರಲ್ಲಿ ಒಬ್ಬರ ಅಂದಾಜು ಇನ್ನೊಬ್ಬರಿಗೆ ಹೊಂದುವುದಿಲ್ಲ. ಬದಲಿಗೆ ಕಣ್ಣಿಗೆ ಕಾಣುವುದನ್ನು ಕೇಳಿ. ಬಿರುಕಿನೊಳಗೆ ಪೆನ್ಸಿಲ್ ತೂರುತ್ತದೆಯೇ? ಎಷ್ಟು ಗೋಡೆಗಳಲ್ಲಿ? ಕಂಬದ ಕಬ್ಬಿಣ ಹೊರಬಂದಿದೆಯೇ? ಚಾವಣಿಯ ಯಾವ ಭಾಗ ಬಿದ್ದಿದೆ? ಕಟ್ಟಡ ವಾಲಿದೆಯೇ? ದರ್ಜೆಯನ್ನು ಆಮೇಲೆ ಲೆಕ್ಕ ಹಾಕಬಹುದು. ತರಬೇತಿಯ ದಿನ ಎಲ್ಲರನ್ನೂ ಅದೇ 20 ಮನೆಗಳಿಗೆ ಕಳುಹಿಸಿ ಉತ್ತರ ಹೋಲಿಸಿದರೆ ಯಾವ ಪ್ರಶ್ನೆ ಸರಿಯಿಲ್ಲ ಎಂಬುದು ಅಂದೇ ಗೊತ್ತಾಗುತ್ತದೆ.

ಉಪಗ್ರಹ ಚಿತ್ರದ ಬಲ ಅದರ ವೇಗ, ಮತ್ತು ಕಾಲಿಡಲಾಗದ ಜಾಗವನ್ನೂ ತೋರಿಸುವುದು. ಯುರೋಪಿನ ಕೋಪರ್ನಿಕಸ್ ತುರ್ತು ಸೇವೆಯ ನಕ್ಷೆಗಳೂ ವಿಶ್ವಸಂಸ್ಥೆಯ ಯುನೋಸ್ಯಾಟ್ ಪಟ್ಟಿಗಳೂ ಉಚಿತವಾಗಿ ಸಿಗುತ್ತವೆ. ಇವೆರಡನ್ನು ಕೂಡಿಸುವಾಗ ಎಚ್ಚರ ಬೇಕು. ಕೋಪರ್ನಿಕಸ್‌ನಲ್ಲಿ ನಾಶ, ಹಾನಿ, ಬಹುಶಃ ಹಾನಿ, ಕಾಣುವ ಹಾನಿಯಿಲ್ಲ ಎಂಬ ವರ್ಗಗಳಿದ್ದರೆ, ಯುನೋಸ್ಯಾಟ್‌ನಲ್ಲಿ ನಾಶ, ತೀವ್ರ, ಮಧ್ಯಮ, ಸಂಭಾವ್ಯ ಎಂದಿರುತ್ತದೆ. ಒಂದರ ‘ಹಾನಿ’ ಇನ್ನೊಂದರ ‘ಮಧ್ಯಮ’ ಅಲ್ಲ.

ಮೇಲಿನಿಂದ ಗೋಡೆ ಕಾಣುವುದಿಲ್ಲ. 2010ರ ಹೈಟಿ ಭೂಕಂಪದ ನಂತರ ಸ್ವಯಂಸೇವಕ ತಜ್ಞರು ತೀರಾ ಸ್ಪಷ್ಟವಾದ ವೈಮಾನಿಕ ಚಿತ್ರಗಳನ್ನು ನೋಡಿಯೂ ಗುರುತಿಸಿದ್ದು 4 ಮತ್ತು 5ನೇ ದರ್ಜೆಯನ್ನು ಮಾತ್ರ. ಕೆಳಮಹಡಿ ಕುಸಿದು ಮೇಲಿನದು ಹಾಗೆಯೇ ಅದರ ಮೇಲೆ ಕೂತರೆ ಚಾವಣಿ ಅಚ್ಚುಕಟ್ಟಾಗಿ ಕಾಣುತ್ತದೆ. ಪಕ್ಕದಿಂದ ಶೆಲ್ ಹೊಕ್ಕ ಮನೆಯೂ ಹಾಗೆಯೇ, ಕೆಸರು ತುಂಬಿದ ಮನೆಯೂ ಹಾಗೆಯೇ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡದಾಚೆಗೂ ನೋಡಿ ಬಯಲಿನ ನೆರೆಯನ್ನು ಚೆನ್ನಾಗಿ ಹಿಡಿಯುತ್ತದೆ. ಒತ್ತೊತ್ತಾದ ಊರೊಳಗಿನ ನೀರು ಮಾತ್ರ ಅದಕ್ಕೆ ತಪ್ಪಿಹೋಗುತ್ತದೆ, ಏಕೆಂದರೆ ನೀರಿಗೂ ಗೋಡೆಗೂ ಬಡಿದ ಅಲೆ ಬಲವಾಗಿ ಹಿಂದಿರುಗಿ, ಬಯಲಿನ ನೀರಿನಂತೆ ಕಪ್ಪಾಗಿ ಕಾಣುವುದಿಲ್ಲ. ಚಿತ್ರ ಓರೆಯಾಗಿ ತೆಗೆದದ್ದಾದರೆ ಇನ್ನೊಂದು ತೊಡಕು: 25 ಡಿಗ್ರಿ ಓರೆಯಲ್ಲಿ 12 ಮೀಟರ್ ಎತ್ತರದ ಕಟ್ಟಡದ ಚಾವಣಿ ತನ್ನ ಬುಡದಿಂದ ಸುಮಾರು 5.6 ಮೀಟರ್ ಸರಿದು ಕಾಣುತ್ತದೆ, ಗುರುತು ಪಕ್ಕದ ಕಟ್ಟಡದ ಮೇಲೆ ಬೀಳುತ್ತದೆ.

ಹಾಗಾಗಿ ಉಪಗ್ರಹದ ಪಟ್ಟಿಯನ್ನು ಬಿಡುವ ಬದಲು ನೆಲದ ಮಾದರಿಯಿಂದ ತಿದ್ದಬೇಕು. ಪ್ರತಿ ವರ್ಗದಿಂದ ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ 50 ಕಟ್ಟಡ ಆರಿಸಿ ಮೊಬೈಲ್ ಫಾರಂ ಜೊತೆ ಕಳುಹಿಸಿ. ಹೆಚ್ಚಿನವರು ‘ಕಾಣುವ ಹಾನಿಯಿಲ್ಲ’ ವರ್ಗವನ್ನು ಬಿಟ್ಟುಬಿಡುತ್ತಾರೆ, ನಿಜವಾದ ಸೋರಿಕೆ ಇರುವುದು ಅಲ್ಲೇ. ಆ ವರ್ಗದಲ್ಲಿ 10,000 ಕಟ್ಟಡಗಳಿವೆ, ಹೋಗಿ ನೋಡಿದ 50ರಲ್ಲಿ 10 ವಾಸಕ್ಕೆ ಯೋಗ್ಯವಲ್ಲ ಎಂದಿಟ್ಟುಕೊಳ್ಳಿ. ಅಂದರೆ 20%, ಸುಮಾರು 2,000 ಕಟ್ಟಡ ಲೆಕ್ಕದಿಂದ ಹೊರಗುಳಿದಿವೆ. ಮಾದರಿ ಚಿಕ್ಕದಾದ್ದರಿಂದ 95% ಭರವಸೆಯ ವ್ಯಾಪ್ತಿ (ನಿಜವಾದ ಸಂಖ್ಯೆ ಇರಬಹುದಾದ ಎಲ್ಲೆ) 900ರಿಂದ 3,100ರವರೆಗೆ ಹರಡಿರುತ್ತದೆ. 50ರ ಬದಲು 200 ನೋಡಿ ಅದೇ 20% ಬಂದರೆ ವ್ಯಾಪ್ತಿ ಸುಮಾರು 1,450ರಿಂದ 2,550ಕ್ಕೆ ಕಿರಿದಾಗುತ್ತದೆ. ಬೀಗ ಹಾಕಿದ ಮನೆ ಸಿಕ್ಕರೆ ಪಕ್ಕದ ಮನೆಗೆ ಹೋಗಬಾರದು. ಮನೆ ಬಿಟ್ಟು ಹೋದವರೇ ಹೆಚ್ಚು ನೊಂದವರು, ಅವರೇ ಎಣಿಕೆಯಿಂದ ಜಾರುತ್ತಾರೆ. ಹೊರಗಿನಿಂದ ಕಂಡಷ್ಟನ್ನು ದಾಖಲಿಸಿ ‘ಹೊರಗಿನಿಂದ ಮಾತ್ರ’ ಎಂದು ಗುರುತು ಹಾಕಲಿ.

ಎಸ್ಸೆಮ್ಮೆಸ್ ವರದಿಗಳ ವಿಷಯ ಬೇಗ ಮುಗಿಸಬಹುದು. 2008ರಲ್ಲಿ ಕೆನ್ಯಾದ ಚುನಾವಣೋತ್ತರ ಹಿಂಸೆಯ ವೇಳೆ ಹುಟ್ಟಿದ, ಜನರ ಸಂದೇಶಗಳನ್ನು ನಕ್ಷೆಗೇರಿಸುವ ಉಶಾಹಿದಿ ತಾಣ ಈ ದಾರಿಯನ್ನು ತೋರಿಸಿತು. ಹೈಟಿಯಲ್ಲಿ 4636 ಸಂಖ್ಯೆಗೆ ಬಂದ ಸಂದೇಶಗಳು ಹೀಗೆ ನಕ್ಷೆಯೇರಿದವು. ನೆರವು ಎಲ್ಲಿ ಬೇಕು ಎಂದು ತಿಳಿಯಲು ಇದಕ್ಕಿಂತ ಚುರುಕಾದದ್ದಿಲ್ಲ. ಎಣಿಕೆಗೆ ಮಾತ್ರ ಬಳಸಬೇಡಿ: ಟವರ್ ಬಿದ್ದ ಊರಿನಿಂದ ಒಂದೂ ಸಂದೇಶ ಬರುವುದಿಲ್ಲ, ನಕ್ಷೆಯಲ್ಲಿ ಆ ಊರು ಕ್ಷೇಮವಾಗಿರುವಂತೆ ಕಾಣುತ್ತದೆ.

ಸಂಘರ್ಷದ ನಾಡಿನಲ್ಲಿ ಈ ಎಲ್ಲ ಹೋಲಿಕೆಯ ಮೇಲೂ ಇನ್ನೊಂದು ತೂಕ ಬೀಳುತ್ತದೆ. ಅಲ್ಲಿ ನಿಖರತೆಯೇ ಅಪಾಯ. ಸ್ಫೋಟಿಸದ ಮದ್ದುಗುಂಡುಗಳ ಭಯದಿಂದ ಅವಶೇಷದೊಳಗೆ ಯಾರೂ ಕಾಲಿಡಕೂಡದು, ಹಾಗಾಗಿ ಒಳಗೋಡೆಯ ಪ್ರಶ್ನೆಗಳನ್ನೇ ಫಾರಂನಿಂದ ತೆಗೆಯಬೇಕು. ಓಡಿಕೆಯಲ್ಲಿ ಗೂಢಲಿಪಿ (ಎನ್‌ಕ್ರಿಪ್ಷನ್) ಆನ್ ಮಾಡಿದರೆ ಮುಗಿಸಿದ ಫಾರಂ ಮೊಬೈಲಿನಲ್ಲಿ ಯಾರಿಗೂ ತೆರೆಯುವುದಿಲ್ಲ. ತುಂಬಿದವರಿಗೂ ತಿದ್ದಲಾಗದು, ಆದ್ದರಿಂದ ಮುಗಿಸುವ ಮುನ್ನ ಒಮ್ಮೆ ಓದುವ ಅಭ್ಯಾಸ ಮಾಡಿಸಬೇಕು. ಪ್ರಕಟಿಸುವ ಫೈಲಿನಲ್ಲಿ ಹೆಸರು, ದೂರವಾಣಿ, ಫೋಟೋದೊಳಗೆ ಅಡಗಿದ ಸ್ಥಳಮಾಹಿತಿ ಇರಕೂಡದು. ಅಕ್ಷಾಂಶ, ರೇಖಾಂಶಗಳನ್ನು ಮೂರು ದಶಮಾಂಶಕ್ಕೆ ಇಳಿಸಿದರೆ ಸ್ಥಳ ಸುಮಾರು 110 ಮೀಟರ್‌ವರೆಗಿನ ಚೌಕಕ್ಕೆ ಮಸುಕಾಗುತ್ತದೆ. ಪೇಟೆಯಲ್ಲಿ ಅಷ್ಟು ಸಾಕು, ಒಂಟಿಮನೆಗಳ ಹಳ್ಳಿಯಲ್ಲಿ ಸಾಲದು. ಅಂಥ ಹಳ್ಳಿಗಳ ಸಾಲುಗಳನ್ನು ಮೇಲಿನ ಆಡಳಿತ ಘಟಕದ ಮೊತ್ತಕ್ಕೆ ಸೇರಿಸಿ, ಮೂಲ ಸ್ಥಳಾಂಕಗಳನ್ನು ಕಟ್ಟಡದ ಸಂಖ್ಯೆಯೊಂದಿಗೆ ಬೇರೆ ಫೈಲಿನಲ್ಲಿ ಬೀಗ ಹಾಕಿಡಿ. ಆ ಫೈಲು ಹೊರಗೆ ಓಡಾಡುವ ಯಾವ ಮೊಬೈಲಿನಲ್ಲೂ ಇರಬಾರದು.