ಡಬ್ಬಿಯಲ್ಲೇ ಕೈ ಮುರಿದುಕೊಂಡ ರಾಕ್ಸೆನ್

ಮಗನ ಹುಟ್ಟುಹಬ್ಬಕ್ಕೆ ಆನ್‌ಲೈನ್‌ನಲ್ಲಿ ತರಿಸಿದ ಆಟಿಕೆ ಬೈಕ್ ಇದು. ಹಳದಿ ಸುಜುಕಿ ಆರ್‌ಎಂ-ಝಡ್450, ನಂಬರ್ 94, ಮೇಲೆ ಮೋಟೊಕ್ರಾಸ್ (ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್) ಸವಾರ ಕೆನ್ ರಾಕ್ಸೆನ್‌ನ ಬೊಂಬೆ. ಬೆಲೆ 29 ಯೂರೋ. ಸ್ವಲ್ಪ ಜಾಸ್ತಿನೇ.

ನಾವಿರುವುದು ಜರ್ಮನಿಯ ಯೇನಾದಲ್ಲಿ. ಕೆನ್ ರಾಕ್ಸೆನ್ ಹುಟ್ಟಿದ ಮಾಟ್‌ಶ್ಟೆಟ್ ಇಲ್ಲಿಂದ ದೂರವೇನಿಲ್ಲ. 2009ರಲ್ಲಿ ಟಾಯ್ಚೆಂಟಾಲ್ ಟ್ರ್ಯಾಕ್‌ನಲ್ಲಿ ಎಂಎಕ್ಸ್2 (ಚಿಕ್ಕ ಇಂಜಿನ್ ಬೈಕ್‌ಗಳ ವಿಭಾಗ) ಗ್ರ್ಯಾನ್ ಪ್ರಿ ಗೆದ್ದಾಗ ಹುಡುಗನಿಗೆ ಬರೀ 15 ವರ್ಷ. 2011ರಲ್ಲಿ ವಿಶ್ವ ಚಾಂಪಿಯನ್. ಆಮೇಲೆ ಅಮೆರಿಕಕ್ಕೆ ಹೋಗಿ 450 ಸಿಸಿ ಮೋಟೊಕ್ರಾಸ್ ಪಟ್ಟವನ್ನು ಎರಡು ಸಲ ಗೆದ್ದ: 2014ರಲ್ಲಿ ಕೆಟಿಎಂ ಮೇಲೆ, 2016ರಲ್ಲಿ ಸುಜುಕಿ ಮೇಲೆ. ಕೆಂಪು ಹೋಂಡಾ ಬೊಂಬೆಯೂ ಇತ್ತು. ಹಳದಿಯನ್ನು ಆರಿಸಿದ್ದು ನಾನೇ.

ಬೈಕ್ ಚೆನ್ನಾಗಿದೆ. ಟೈರು ನಿಜವಾದ ರಬ್ಬರ್. ಹ್ಯಾಂಡಲ್ ಒತ್ತಿದರೆ ಮುಂದಿನ ಫೋರ್ಕ್ ಕುಸಿದು ಮೇಲೇಳುತ್ತದೆ. ಅಸಲಿ ಬೈಕಿನಲ್ಲಿ ಇರುವಂತೆ ಕಿಕ್ಕರ್ ಕೂಡ ಇದೆ, ಆದರೆ ಅಲ್ಲಾಡುವುದಿಲ್ಲ.

ತೊಂದರೆ ಇರುವುದು ಬೊಂಬೆಯಲ್ಲಿ. ಡಬ್ಬಿ ಬಿಚ್ಚಿದಾಗ ಎಡಗೈ ಮೊಣಕೈಯಿಂದ ಕಳಚಿ ತಳದಲ್ಲಿ ಬಿದ್ದಿತ್ತು. ಅಂಗಡಿಯವರಿಗೆ ಬರೆದೆ. ಫೋಟೋ ಕಳಿಸಿ ಅಂದರು, ಕಳಿಸಿದೆ. ಒಂಬತ್ತು ದಿನ ಬಿಟ್ಟು ಮತ್ತೆ ಅದೇ ಫೋಟೋ ಕೇಳಿದರು!

ಅಷ್ಟರಲ್ಲಿ ಮಗನಿಗೆ 2017ರ ಕಥೆ ಹೇಳಿಬಿಟ್ಟಿದ್ದೆ. ಅಮೆರಿಕದ ಸೂಪರ್‌ಕ್ರಾಸ್ (ಸ್ಟೇಡಿಯಂ ಒಳಗೆ ನಡೆಯುವ ಮೋಟೊಕ್ರಾಸ್) ಸೀಸನ್ನಿನ ಮೊದಲ ಎರಡು ರೇಸ್ ಗೆದ್ದ ರಾಕ್ಸೆನ್, ಮೂರನೆಯದರಲ್ಲಿ, ಅನಹೈಮ್‌ನಲ್ಲಿ, ಬಿದ್ದ. ಎಡಗೈ ಮೂಳೆ ಮುರಿಯಿತು, ಮೊಣಕೈ, ಮಣಿಕಟ್ಟು ಎರಡೂ ಜಾರಿದವು. 11 ಆಪರೇಷನ್. ಮರುವರ್ಷ ವಾಪಸ್ ಬಂದರೆ ಬಲಗೈ ಇನ್ನೊಬ್ಬನ ಚಕ್ರಕ್ಕೆ ಸಿಕ್ಕಿತು. ಆದರೂ 2022ರಲ್ಲಿ ವಿಶ್ವ ಸೂಪರ್‌ಕ್ರಾಸ್ ಪಟ್ಟ ಗೆದ್ದ. 2023ರಲ್ಲಿ ಮತ್ತೆ ಸುಜುಕಿ ಹತ್ತಿ ಇಂಡಿಯಾನಾಪೊಲಿಸ್‌ನಲ್ಲೂ ಗೆದ್ದ. (ಎಡಗೈ ಮುರಿದಾಗ ಓಡಿಸುತ್ತಿದ್ದದ್ದು ಹೋಂಡಾ. ಲೆಕ್ಕದ ಪ್ರಕಾರ ಕೈ ಕಳಚಬೇಕಿದ್ದದ್ದು ಕೆಂಪು ಬೊಂಬೆಯದು, ಅಲ್ವಾ?)

"ವಾಪಸ್ ಕಳಿಸ್ಬೇಡ ಅಪ್ಪಾ, ನಾವೇ ಆಪರೇಷನ್ ಮಾಡೋಣ" ಅಂದ.

ಸೂಜಿ ಮೊನೆಯಲ್ಲಿ ಒಂದು ಹನಿ ಅಂಟು ಹಾಕಿ, ಚಿಮಟದಲ್ಲಿ ಎರಡು ನಿಮಿಷ ಹಿಡಿದೆ. ಕೈ ಕೂತಿತು. ಆದರೆ ಕೋನ ತಪ್ಪಿದೆ, ಕ್ಲಚ್ ತನಕ ಎಟುಕುವುದಿಲ್ಲ. ಸದ್ಯಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ.

ಬೈಕಿಗೆ ನಾಲ್ಕು ಸ್ಟಾರ್, ಪ್ಯಾಕಿಂಗ್‌ಗೆ ಒಂದೇ. ತರಿಸುವವರಿಗೆ ಒಂದು ಮಾತು: ಬೊಂಬೆಯ ಎರಡೂ ಕೈಗಳಿಗೆ ತಂತಿ ಸುತ್ತಿರುತ್ತಾರೆ. ಮೊದಲು ಅದನ್ನು ಕತ್ತರಿಸಿ, ಆಮೇಲೆ ಬೈಕ್ ಹೊರಗೆ ಎಳೆಯಿರಿ.