ಮುಂಬಯಿಯ ಕಾಂಡ್ಲಾ ವನವೋ, ಗೋವೆಯ ಖಾಜನ್ ಗದ್ದೆಯೋ?

ಜೌಗುಭೂಮಿಗಳ ಪುನಶ್ಚೇತನವನ್ನೇ ವೃತ್ತಿಯಾಗಿಸಿಕೊಳ್ಳಬಯಸುವ ಮುಂಬಯಿ ಕನ್ನಡಿಗರ ಮಕ್ಕಳಿಗೆ ಹತ್ತಿರದಲ್ಲೇ ಎರಡು ದಾರಿಗಳಿವೆ: ಮುಂಬಯಿಯ ಕಾಂಡ್ಲಾ ವನ, ಅಂದರೆ ಉಬ್ಬರದ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು; ಮತ್ತು ಗೋವೆಯ ಖಾಜನ್, ಅಂದರೆ ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದ ತಗ್ಗಿನ ಗದ್ದೆ.

ಮುಂಬಯಿಯಲ್ಲಿ ಸಾಂಸ್ಥಿಕ ಆಸರೆ ಗಟ್ಟಿಯಾಗಿದೆ. ಮಹಾರಾಷ್ಟ್ರದ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾ ವನಗಳಿಗೆಂದೇ 2012ರಿಂದ ಪ್ರತ್ಯೇಕ ಘಟಕವಿದೆ. ಠಾಣೆ ಖಾಡಿಯ ಫ್ಲೆಮಿಂಗೋ ಅಭಯಾರಣ್ಯವು 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಯನ್ನೂ ಸೇರಿತು. ಆದರೆ ಸಸಿ ನೆಡುವುದಷ್ಟೇ ಇಲ್ಲಿನ ಕೆಲಸವೆಂದು ಭಾವಿಸಬಾರದು. ಕಟ್ಟಡದ ಅವಶೇಷ ಸುರಿದು ಮುಚ್ಚಿದ ಕಾಲುವೆಗಳಲ್ಲಿ ಉಬ್ಬರದ ನೀರು ಮತ್ತೆ ಹರಿಯುವಂತಾದರೆ ಎಷ್ಟೋ ಕಡೆ ಗಿಡಗಳು ತಾವಾಗಿಯೇ ಮರಳುತ್ತವೆ. ಆದ್ದರಿಂದ ಉಪಗ್ರಹ ನಕ್ಷೆ ಹಾಗೂ ಕಾನೂನಿನ ತಿಳಿವಳಿಕೆಗೆ ಹೆಚ್ಚಿನ ಬೆಲೆ.

ಗೋವೆಯ ಖಾಜನ್ ಬೇರೆಯದೇ ವಿದ್ಯೆ. ಕುಮಟೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಯನ್ನೂ ಅದರಲ್ಲಿ ಬೆಳೆಯುವ ಕಗ್ಗ ಭತ್ತವನ್ನೂ ಬಲ್ಲವರಿಗೆ ಅಲ್ಲಿನ ಮಣ್ಣಿನ ಒಡ್ಡು, ನೀರಿನ ಒತ್ತಡಕ್ಕೇ ತೆರೆದು ಮುಚ್ಚಿಕೊಳ್ಳುವ ಮರದ ತೂಬುಬಾಗಿಲು, ಉಪ್ಪು ತಾಳುವ ಕೊರ್ಗುಟ್ ಭತ್ತ ಯಾವುದೂ ಅಪರಿಚಿತವೆನಿಸದು. ಒಡ್ಡು ಒಡೆದು ಉಪ್ಪುನೀರು ನುಗ್ಗಿದ ಗದ್ದೆಯನ್ನು ಮರಳಿ ಪಡೆಯಲು ರೈತರು, ಮೀನುಗಾರರು, ಕೊಮುನಿದಾದ್ ಎಂಬ ಗ್ರಾಮಸಂಸ್ಥೆ ಎಲ್ಲರೂ ಒಪ್ಪಬೇಕಾಗುವುದರಿಂದ ಕೊಂಕಣಿ ಬಾರದೆ ಹೆಜ್ಜೆಯಿಡುವುದು ಕಷ್ಟ. ಹುದ್ದೆಗಳೂ ವಿರಳ; ಯೋಜನೆ ಮುಗಿದೊಡನೆ ಸಂಬಳ ನಿಲ್ಲಬಹುದು. ಹಾಗಿದ್ದರೂ ಮನೆಯ ಹೊಣೆ ಇನ್ನೂ ಹೆಗಲೇರದವರು ಮೊದಲ ಎರಡು ಮಳೆಗಾಲಗಳನ್ನು ಗೋವೆಯಲ್ಲೇ ಕಳೆಯುವುದು ಲೇಸೆಂದು ನನ್ನ ಅಭಿಪ್ರಾಯ. ನಕ್ಷೆಯನ್ನು ಆಮೇಲೂ ಕಲಿಯಬಹುದು.