ಸಿ-ವಿಜಿಲ್ ಆ್ಯಪ್: ಬ್ಯಾನರಿಗೆ ಚುರುಕು, ಕವರಿಗೆ ಕಷ್ಟ

ಓಟಿಗೆ ದುಡ್ಡು ಹಂಚುವುದು ಕಣ್ಣಿಗೆ ಬಿದ್ದರೆ ನಿಂತಲ್ಲಿಂದಲೇ ದೂರು ಕೊಡಲಿಕ್ಕೆ ಚುನಾವಣಾ ಆಯೋಗ 2018ರಲ್ಲಿ ತಂದ ಆ್ಯಪ್ ಸಿ-ವಿಜಿಲ್. ಮಂಗಳೂರು, ಉಡುಪಿಯ ಮತದಾರರ ಫೋನಿನಲ್ಲಿ ಇದು ಇರಲೇಬೇಕು. ಆದರೆ ಇದರ ಕೈ ಎಷ್ಟು ದೂರ ಚಾಚುತ್ತದೆ ಎಂಬುದು ಗೊತ್ತಿರಲಿ.

ಮೊಬೈಲ್ ನಂಬರ್, ಒಟಿಪಿ ಕೊಟ್ಟು ಒಳಗೆ ಹೋಗಬೇಕು. ಹೆಸರು ಹೇಳಲು ಹೆದರಿಕೆಯಿದ್ದರೆ ಅನಾಮಧೇಯವಾಗಿಯೂ ದೂರು ಕೊಡಬಹುದು, ಆದರೆ ದೂರು ಮುಂದೇನಾಯಿತೆಂದು ಆಮೇಲೆ ತಿಳಿಯುವುದಿಲ್ಲ. ಫೋಟೊ ಅಥವಾ 2 ನಿಮಿಷದೊಳಗಿನ ವಿಡಿಯೊವನ್ನು ಆ್ಯಪಿನಲ್ಲೇ ತೆಗೆಯಬೇಕು. ಗ್ಯಾಲರಿಯಲ್ಲಿದ್ದದ್ದು, ವಾಟ್ಸ್ಯಾಪಿನಲ್ಲಿ ಬಂದದ್ದು ನಡೆಯದು. ತೆಗೆದ 5 ನಿಮಿಷದೊಳಗೆ ಕಳುಹಿಸದಿದ್ದರೆ ದೂರು ಹೋಗುವುದಿಲ್ಲ. ಘಟ್ಟದ ಬುಡದ ಊರುಗಳಲ್ಲಿ ಸಿಗ್ನಲ್ ಕೈಕೊಟ್ಟು ಕೆಲಸ ಕೆಡುವುದು ಇಲ್ಲಿಯೇ. ಅಂಥ ಕಡೆ ಚುನಾವಣಾ ಸಹಾಯವಾಣಿ 1950ಕ್ಕೆ ಫೋನ್ ಮಾಡುವುದೇ ಮೇಲು.

ದೂರು ಹೋದ 100 ನಿಮಿಷದೊಳಗೆ ತೀರ್ಮಾನವಾಗಬೇಕೆಂಬುದು ಆಯೋಗದ ಲೆಕ್ಕ. ಅನುಮತಿಯಿಲ್ಲದ ಬ್ಯಾನರ್, ಮುದ್ರಕರ ಮತ್ತು ಪ್ರಕಾಶಕರ ಹೆಸರಿಲ್ಲದ ಕರಪತ್ರ (ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ), ಇವಕ್ಕೆ ಆ್ಯಪ್ ಚೆನ್ನಾಗಿ ಒದಗುತ್ತದೆ. ಬ್ಯಾನರ್ ಓಡಿಹೋಗುವುದಿಲ್ಲವಲ್ಲ.

ದುಡ್ಡು ಓಡುತ್ತದೆ. ಮತದಾರರ ಚೀಟಿಯೊಳಗೆ ಮಡಚಿಟ್ಟ 500ರ ನೋಟು ಗೇಟಿನಲ್ಲಿ ಕೈ ಬದಲಾಯಿಸಲು ಅರ್ಧ ನಿಮಿಷ ಸಾಕು. ದೂರು ನೋಡಲು ಆಯೋಗದ ತಂಡ ಬರುವಷ್ಟರಲ್ಲಿ ಹಂಚುವವರ ಸ್ಕೂಟರ್ ಮುಂದಿನ ಓಣಿಯಲ್ಲಿರುತ್ತದೆ. ಹಾಗಾಗಿ ಬರೀ ನೋಟಿನ ಫೋಟೊ ತೆಗೆದು ಪ್ರಯೋಜನವಿಲ್ಲ. ವಾಹನದ ನಂಬರ್ ಪ್ಲೇಟು, ಮನೆಯ ಹೆಸರು, ಕವರು, ಚೀಟಿ ಇವೆಲ್ಲ ಒಂದೇ ವಿಡಿಯೊದಲ್ಲಿ ಬರಲಿ. ವಿವರದ ಜಾಗದಲ್ಲಿ ವಾಹನ ಯಾವ ಕಡೆಗೆ ಹೋಯಿತೆಂದು ಬರೆಯಿರಿ. ಮನೆಗೆ ಬಂದು ಕಳುಹಿಸೋಣ ಎನ್ನಬೇಡಿ, ತೆಗೆದ ಸ್ಥಳವೇ ನಕ್ಷೆಯಲ್ಲಿ ದಾಖಲಾಗುತ್ತದೆ.

ದೊಡ್ಡ ಕೊರತೆ ಬೇರೆಯೇ ಇದೆ. ನೀತಿ ಸಂಹಿತೆ ಇರುವಾಗ ಮಾತ್ರ ಆ್ಯಪ್ ತೆರೆದಿರುತ್ತದೆ. ಅದಕ್ಕೆ ತಿಂಗಳುಗಳ ಮೊದಲೇ ಕ್ರಿಕೆಟ್ ಟೂರ್ನಮೆಂಟು, ಸೀರೆ, ಕುಕ್ಕರ್ ಎಂದು ಇಳಿಯುವ ಹಣ ಇದಕ್ಕೆ ಕಾಣುವುದೇ ಇಲ್ಲ. ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ ಎಂಬ ಖರ್ಚಿನ ಮಿತಿಯೂ ಅಭ್ಯರ್ಥಿಗೆ ಮಾತ್ರ, ಅದೂ ನಾಮಪತ್ರದಿಂದ ಫಲಿತಾಂಶದವರೆಗೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಇದನ್ನು ಸರಿಪಡಿಸದೆ ಎಂಥ ಆ್ಯಪ್ ಮಾಡಿದರೂ ಸೋರುವ ಮಾಡಿನಡಿ ಬಾಲ್ದಿ ಇಟ್ಟ ಹಾಗೆ.

ಸಭೆಗಳಲ್ಲಿ ಆ್ಯಪಿಗಿಂತ ಲೆಕ್ಕಪತ್ರದ ಮೇಲೆ ಕಣ್ಣಿರಲಿ. ತಾರಾ ಪ್ರಚಾರಕರ ಪ್ರಯಾಣದ ಖರ್ಚು ಪಕ್ಷಕ್ಕೆ ಹೋಗುತ್ತದೆ, ಆದರೆ ವೇದಿಕೆಯಲ್ಲಿ ಅಭ್ಯರ್ಥಿ ಕುಳಿತರೆ ಸಭೆಯ ಖರ್ಚು ಅವರ ಲೆಕ್ಕಕ್ಕೂ ಬರಬೇಕು. ಮಂಗಳೂರಿನ ನೆಹರೂ ಮೈದಾನದ ಸಭೆಯಾದರೆ ವೇದಿಕೆ, ಕುರ್ಚಿಯ ಸಾಲು, ಬಸ್ಸುಗಳನ್ನು ಎಣಿಸಿ ಬರೆದಿಡಿ. ಫಲಿತಾಂಶದ 30 ದಿನದೊಳಗೆ ಅಭ್ಯರ್ಥಿ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಒಪ್ಪಿಸಬೇಕು: ದಿನದ ಖರ್ಚು ಬಿಳಿ ಹಾಳೆಯಲ್ಲಿ, ನಗದು ಗುಲಾಬಿಯಲ್ಲಿ, ಬ್ಯಾಂಕಿನದು ಹಳದಿಯಲ್ಲಿ. 1 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅದನ್ನು ನೋಡಬಹುದು. ನೀವು ಎಣಿಸಿದ ಕುರ್ಚಿಗಳನ್ನು ಬಿಳಿ ಹಾಳೆಯ ಅದೇ ದಿನಾಂಕದ ಪಕ್ಕ ಇಟ್ಟು ನೋಡಿ.